ಪತ್ರಿಕಾ ಸ್ವಾತಂತ್ರ್ಯ ಮತ್ತು ಸ್ವತಂತ್ರ ಮಾಧ್ಯಮ: ಕರ್ನಾಟಕ

ಸರ್ಕಾರದ ಪೂರ್ವಾನುಮತಿ, ಬೆದರಿಕೆ ಅಥವಾ ಆರ್ಥಿಕ ಕಟ್ಟುಪಾಡಿಗೆ ಒಳಗಾಗದೆ ಸುದ್ದಿಯನ್ನೂ ಅಭಿಪ್ರಾಯವನ್ನೂ ಸಂಗ್ರಹಿಸುವ, ಅಚ್ಚು ಹಾಕುವ, ಹಂಚುವ ಹಕ್ಕೇ ಪತ್ರಿಕಾ ಸ್ವಾತಂತ್ರ್ಯ. ಸರ್ಕಾರ, ರಾಜಕೀಯ ಪಕ್ಷ ಮತ್ತು ದೊಡ್ಡ ಜಾಹೀರಾತುದಾರರ ಹಿಡಿತದಿಂದ ಹೊರಗೆ ನಿಂತು ಈ ಹಕ್ಕನ್ನು ಚಲಾಯಿಸುವ ಪತ್ರಿಕೆ, ವಾಹಿನಿ, ರೇಡಿಯೊ ಅಥವಾ ಜಾಲತಾಣವನ್ನು ಸ್ವತಂತ್ರ ಮಾಧ್ಯಮ ಎನ್ನುತ್ತಾರೆ. ಮೊದಲನೆಯದು ಕಾನೂನಿಗೆ ಸಂಬಂಧಿಸಿದ್ದು, ಎರಡನೆಯದು ಒಡೆತನ ಮತ್ತು ಆದಾಯಕ್ಕೆ ಸಂಬಂಧಿಸಿದ್ದು. ಕಾನೂನಿನ ರಕ್ಷಣೆ ಪೂರ್ತಿ ಇದ್ದೂ ಸ್ವತಂತ್ರವಲ್ಲದ ಪತ್ರಿಕೆ ಇರಬಹುದು; ಕಾನೂನು ಕಟುವಾಗಿದ್ದ ಕಾಲದಲ್ಲೂ ಸ್ವತಂತ್ರವಾಗಿ ಬರೆದ ಪತ್ರಿಕೆಗಳು ಕನ್ನಡದಲ್ಲಿದ್ದವು. ಕರ್ನಾಟಕದ ಒಟ್ಟು ಚರಿತ್ರೆಯ ಜೊತೆಗೆ, ಮದರಾಸು ಪ್ರಾಂತ್ಯದಿಂದ ಬಂದ ಬಳ್ಳಾರಿ ಸೀಮೆಯನ್ನೂ ಈಗಿನ ವಿಜಯನಗರ ಜಿಲ್ಲೆಯ ತಂಬ್ರಹಳ್ಳಿಯಂಥ ಹೋಬಳಿ ಕೇಂದ್ರಗಳನ್ನೂ ಈ ಲೇಖನ ವಿಶೇಷವಾಗಿ ಗಮನಿಸುತ್ತದೆ.

ಉಗಮ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಇದನ್ನು ಆರಂಭಿಸಿದರು. ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದ ಈ ಪಾಕ್ಷಿಕ ಮರುವರ್ಷ ಬಳ್ಳಾರಿಗೆ ಹೋಗಿ, ಅಲ್ಲಿ ಅಚ್ಚುಮೊಳೆಗಳಲ್ಲಿ 'ಕನ್ನಡ ಸಮಾಚಾರ' ಎಂಬ ಹೆಸರಿನಿಂದ ಹೊರಬಂತು. ಅದು ಹೆಚ್ಚು ಕಾಲ ನಡೆಯಲಿಲ್ಲ. ಆದರೂ ಕನ್ನಡ ಪತ್ರಿಕೋದ್ಯಮದ ಎರಡನೆಯ ಮನೆ ಬಳ್ಳಾರಿ ಎಂಬುದು ಹಲವು ಚರಿತ್ರೆಗಳಲ್ಲಿ ಅಡಿಟಿಪ್ಪಣಿಯಾಗಿಯೇ ಉಳಿದುಬಿಟ್ಟಿದೆ. ಜುಲೈ 1 ಇಂದು ರಾಜ್ಯದ ತಾಲ್ಲೂಕು ತಾಲ್ಲೂಕುಗಳಲ್ಲಿ ಪತ್ರಿಕಾ ದಿನಾಚರಣೆಯಾಗಿ ನಡೆಯುತ್ತದೆ.

ಮೋಗ್ಲಿಂಗರ ಪತ್ರಿಕೆ ಹುಟ್ಟಿದ ಹೊತ್ತು ಕಾನೂನಿನ ದೃಷ್ಟಿಯಿಂದ ಅನುಕೂಲವಾಗಿತ್ತು. 1835ರಲ್ಲಿ ಹಂಗಾಮಿ ಗವರ್ನರ್ ಜನರಲ್ ಚಾರ್ಲ್ಸ್ ಮೆಟ್‌ಕಾಫ್ ಹಿಂದಿನ ಪರವಾನಗಿ ನಿಯಮಗಳನ್ನು ತೆಗೆದುಹಾಕಿದ್ದರಿಂದ, ಮುದ್ರಕನೂ ಪ್ರಕಾಶಕನೂ ಘೋಷಣೆ ಕೊಟ್ಟರೆ ಸಾಕಿತ್ತು. 1857ರ ದಂಗೆಯ ನಂತರ ಗಾಳಿ ಬದಲಾಯಿತು. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಬೆನ್ನಿಗೆ, 1878ರಲ್ಲಿ ವೈಸ್‌ರಾಯ್ ಲಿಟ್ಟನ್‌ನ ದೇಶಭಾಷಾ ಪತ್ರಿಕಾ ಕಾಯ್ದೆ ಬಂತು. ಇಂಗ್ಲಿಷ್ ಪತ್ರಿಕೆಗಳನ್ನು ಬಿಟ್ಟು ದೇಶಭಾಷೆಯ ಪತ್ರಿಕೆಗಳನ್ನಷ್ಟೇ ಹಿಡಿಯುವ ಕಾಯ್ದೆ ಅದು. ಮದರಾಸು ಪ್ರಾಂತ್ಯಕ್ಕೆ ಅದನ್ನು ಅನ್ವಯಿಸಲಿಲ್ಲ. ಹೀಗಾಗಿ ಮುಂಬಯಿ ಪ್ರಾಂತ್ಯದ ಧಾರವಾಡ, ಬೆಳಗಾವಿಗಳ ಪತ್ರಿಕೆಗಳು ಕಾಯ್ದೆಯ ಒಳಗಿದ್ದವು. ಮಂಗಳೂರು, ಬಳ್ಳಾರಿ ಹೊರಗುಳಿದವು. ಒಂದೇ ಭಾಷೆಗೆ ಒಂದೇ ಕಾಲದಲ್ಲಿ ಹಲವು ಬಗೆಯ ಪತ್ರಿಕಾ ಕಾನೂನು ಎಂಬ ಸ್ಥಿತಿ 1947ರವರೆಗೂ ಒಂದಲ್ಲ ಒಂದು ರೂಪದಲ್ಲಿ ಮುಂದುವರಿಯಿತು. ದೇಶಭಾಷಾ ಕಾಯ್ದೆ ಮುಂದಿನ ವೈಸ್‌ರಾಯ್ ರಿಪನ್‌ನ ಕಾಲದಲ್ಲಿ ರದ್ದಾಯಿತು.

1910ರ ಪತ್ರಿಕಾ ಕಾಯ್ದೆ ಠೇವಣಿ ಪದ್ಧತಿಯನ್ನು ತಂದಿತು. ಹೊಸ ಮುದ್ರಣಾಲಯ 500ರಿಂದ 2,000 ರೂಪಾಯಿಯವರೆಗೆ ಠೇವಣಿ ಇಡಬೇಕಿತ್ತು. ಆಕ್ಷೇಪಾರ್ಹ ಬರಹ ಅಚ್ಚಾದರೆ ಆ ಹಣ ಮುಟ್ಟುಗೋಲಾಗುತ್ತಿತ್ತು. ಸಂಪಾದಕನನ್ನು ಜೈಲಿಗೆ ಕಳಿಸುವುದಕ್ಕಿಂತ ಅಚ್ಚುಕೂಟದ ಯಜಮಾನನನ್ನು ಹೆದರಿಸುವುದು ಅಗ್ಗವೂ ಸುಲಭವೂ ಆದ ದಾರಿ ಎಂದು ಆಡಳಿತ ಕಂಡುಕೊಂಡದ್ದು ಆಗ. 1922ರಲ್ಲಿ ರದ್ದಾದ ಈ ಪದ್ಧತಿ, ಕಾನೂನುಭಂಗ ಚಳವಳಿಯ ಕಾಲದಲ್ಲಿ 1931ರ ತುರ್ತು ಅಧಿಕಾರಗಳ ಕಾಯ್ದೆಯ ಮೂಲಕ ಮರಳಿ ಬಂತು.

ಮೈಸೂರು ಸಂಸ್ಥಾನ

ಮೈಸೂರಿನಲ್ಲಿ ಕನ್ನಡ ಪತ್ರಿಕೆಗಳ ಸಾಲು 1859ರ 'ಮೈಸೂರು ವೃತ್ತಾಂತ ಬೋಧಿನಿ'ಯಿಂದ ತೊಡಗುತ್ತದೆ. ಸರ್ಕಾರವನ್ನು ಎದುರು ನಿಂತು ಪ್ರಶ್ನಿಸುವ ಪತ್ರಿಕೋದ್ಯಮ ಬೆಳೆದದ್ದು ಎಂ. ವೆಂಕಟಕೃಷ್ಣಯ್ಯನವರ ಕಾಲದಲ್ಲಿ. ಜನ ತಾತಯ್ಯ ಎಂದು ಕರೆಯುತ್ತಿದ್ದ ಅವರು 'ವೃತ್ತಾಂತ ಚಿಂತಾಮಣಿ', 'ಸಾಧ್ವಿ', 'ಮೈಸೂರ್ ಪೇಟ್ರಿಯಟ್', 'ಸಂಪದಭ್ಯುದಯ' ಮುಂತಾದ ಪತ್ರಿಕೆಗಳನ್ನು ನಡೆಸಿದರು.

ದಿವಾನ್ ವಿ.ಪಿ. ಮಾಧವರಾಯರ ಆಡಳಿತ 1908ರಲ್ಲಿ ಮೈಸೂರು ವೃತ್ತಪತ್ರಿಕೆಗಳ ಕಾಯ್ದೆಯನ್ನು ಜಾರಿಗೆ ತಂದಿತು. ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಸಂಸ್ಥಾನದಲ್ಲಿ ಪತ್ರಿಕೆ ಹೊರಡಿಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1835ರಲ್ಲೇ ಕೈಬಿಟ್ಟಿದ್ದ ಪರವಾನಗಿ ಪದ್ಧತಿ, ಮಾದರಿ ಸಂಸ್ಥಾನ ಎನಿಸಿಕೊಂಡಿದ್ದ ಮೈಸೂರಿನಲ್ಲಿ ಎಪ್ಪತ್ತು ವರ್ಷಗಳ ಮೇಲೆ ಜಾರಿಗೆ ಬಂತು. ವೆಂಕಟಕೃಷ್ಣಯ್ಯ ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ತಿರುಮಲೆ ತಾತಾಚಾರ್ಯ ಶರ್ಮರ 'ವಿಶ್ವ ಕರ್ನಾಟಕ', ಸೀತಾರಾಮ ಶಾಸ್ತ್ರಿಗಳ 'ವೀರಕೇಸರಿ', ಪಿ.ಆರ್. ರಾಮಯ್ಯನವರ 'ತಾಯಿನಾಡು' ಮುಂದಿನ ದಶಕಗಳಲ್ಲಿ ಬೆಳೆದದ್ದು ಈ ಪದ್ಧತಿಯ ನೆರಳಿನಲ್ಲೇ.

ಕಾಯ್ದೆಯನ್ನು ತರ್ಕಬದ್ಧವಾಗಿ ಎದುರಿಸಿದವರಲ್ಲಿ ಡಿ.ವಿ. ಗುಂಡಪ್ಪನವರ ಹೆಸರು ಮುಖ್ಯ. 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪತ್ರಕರ್ತನ ಹೊಣೆ ಮತ್ತು ಹಕ್ಕುಗಳನ್ನು ಕುರಿತ ಅವರ 'ವೃತ್ತಪತ್ರಿಕೆ' ಕನ್ನಡದಲ್ಲಿ ಈ ವಿಷಯದ ಮೊದಲ ಗಂಭೀರ ಪುಸ್ತಕಗಳಲ್ಲೊಂದು.

ಬಳ್ಳಾರಿ ಸೀಮೆ

1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಭಾಗವಾಗಿತ್ತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಭಾಗದ ಓದುಗರಿಗೆ ಮೈಸೂರಿನ 1908ರ ಕಾಯ್ದೆ ತಾಗಲಿಲ್ಲ. ಮದರಾಸಿನ ಕಾನೂನು ತಾಗಿತು.

ಇದರ ಫಲವಾಗಿ, ಭಾರತದ ಪತ್ರಿಕಾ ಸ್ವಾತಂತ್ರ್ಯದ ಅಡಿಗಲ್ಲಾದ ತೀರ್ಪೊಂದು ಈ ಸೀಮೆಗೆ ನೇರವಾಗಿ ಸಂಬಂಧಿಸಿದೆ. ಮದರಾಸು ಸರ್ಕಾರ 1949ರ ಸಾರ್ವಜನಿಕ ಸುವ್ಯವಸ್ಥೆ ಪಾಲನಾ ಕಾಯ್ದೆಯಡಿ 1950ರ ಮಾರ್ಚ್ 1ರಂದು ಮುಂಬಯಿಯ 'ಕ್ರಾಸ್ ರೋಡ್ಸ್' ವಾರಪತ್ರಿಕೆಯ ಪ್ರವೇಶ ಮತ್ತು ಪ್ರಸಾರವನ್ನು ನಿಷೇಧಿಸಿತು. ಬಳ್ಳಾರಿ ಜಿಲ್ಲೆಯೂ ಆ ನಿಷೇಧದ ವ್ಯಾಪ್ತಿಯಲ್ಲಿತ್ತು. ಸಂಪಾದಕ ರಮೇಶ್ ಥಾಪರ್ ಸುಪ್ರೀಂ ಕೋರ್ಟಿಗೆ ಹೋದರು. ಮೇ 26ರಂದು ಬಂದ ತೀರ್ಪು, ಪತ್ರಿಕೆಯನ್ನು ಅಚ್ಚು ಹಾಕಲು ಬಿಟ್ಟು ಹಂಚಲು ಬಿಡದಿದ್ದರೆ ಸ್ವಾತಂತ್ರ್ಯಕ್ಕೆ ಅರ್ಥವಿಲ್ಲ ಎಂಬ ತತ್ವವನ್ನು ಸ್ಥಾಪಿಸಿ ನಿಷೇಧವನ್ನು ರದ್ದುಪಡಿಸಿತು. ಮರುವರ್ಷವೇ ಸಂಸತ್ತು ಮೊದಲ ತಿದ್ದುಪಡಿಯ ಮೂಲಕ 19(2)ನೇ ವಿಧಿಗೆ ಸಾರ್ವಜನಿಕ ಸುವ್ಯವಸ್ಥೆ ಎಂಬ ನಿರ್ಬಂಧದ ಕಾರಣವನ್ನು ಸೇರಿಸಿತು.

ಕನ್ನಡದ ದೊಡ್ಡ ಪತ್ರಿಕಾ ಸಂಸ್ಥೆಯೊಂದರ ಬಂಡವಾಳವೂ ಈ ಸೀಮೆಯದೇ. ಬಳ್ಳಾರಿಯ ಅಬಕಾರಿ ವ್ಯಾಪಾರದ ಮನೆತನದಿಂದ ಬಂದ ಕೆ.ಎನ್. ಗುರುಸ್ವಾಮಿ 1948ರ ಜೂನ್ 17ರಂದು 'ಡೆಕ್ಕನ್ ಹೆರಾಲ್ಡ್', ಅದೇ ವರ್ಷ ಅಕ್ಟೋಬರ್ 15ರಂದು 'ಪ್ರಜಾವಾಣಿ'ಯನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ಟಿ.ಎಸ್. ರಾಮಚಂದ್ರರಾಯರು 'ಪ್ರಜಾವಾಣಿ'ಯಲ್ಲಿ ಬರೆಯುತ್ತಿದ್ದ 'ಛೂಬಾಣ' ಅಂಕಣ, ಮಾಲೀಕನ ಹಂಗಿಲ್ಲದೆ ಸಂಪಾದಕ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಬಹುಕಾಲ ಉದಾಹರಣೆಯಾಗಿತ್ತು.

ಕಾನೂನಿನ ಚೌಕಟ್ಟು

ಭಾರತದ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯ ಎಂಬ ಪ್ರತ್ಯೇಕ ಹಕ್ಕು ಇಲ್ಲ. 19(1)(ಎ) ವಿಧಿಯ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಅದು ಅಡಕವಾಗಿದೆ ಎಂದು ನ್ಯಾಯಾಲಯಗಳು ಅರ್ಥೈಸಿವೆ. ಆದ್ದರಿಂದ ಪತ್ರಕರ್ತನಿಗೆ ಸಾಮಾನ್ಯ ನಾಗರಿಕನಿಗಿಂತ ಹೆಚ್ಚಿನ ಹಕ್ಕಿಲ್ಲ. ಪುಟಸಂಖ್ಯೆಗೆ ತಕ್ಕಂತೆ ಬೆಲೆ ನಿಗದಿ ಮಾಡುವ ಸರ್ಕಾರದ ಆದೇಶವನ್ನು 1961ರ ಸಕಾಳ್ ಪ್ರಕರಣದಲ್ಲೂ, ಮುದ್ರಣ ಕಾಗದದ ಹಂಚಿಕೆಯ ಮೂಲಕ ಪುಟಗಳನ್ನು ಮಿತಗೊಳಿಸುವ ನೀತಿಯನ್ನು ಬೆನೆಟ್ ಕೋಲ್‌ಮನ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ತುರ್ತು ಪರಿಸ್ಥಿತಿಯ ಕಾಲದಲ್ಲಿ (1975-77) ಈ ರಕ್ಷಣೆ ಕುಸಿಯಿತು. ಪತ್ರಿಕೆಗಳ ಪುಟಗಳು ಅಚ್ಚಿಗೆ ಹೋಗುವ ಮುನ್ನ ಸೆನ್ಸಾರ್ ಅಧಿಕಾರಿಯ ಕಣ್ಣಿಗೆ ಬೀಳಬೇಕಿತ್ತು. ಪ್ರೆಸ್ ಕೌನ್ಸಿಲ್ ರದ್ದಾಯಿತು. 1976ರಲ್ಲಿ ಆಕ್ಷೇಪಾರ್ಹ ವಿಷಯಗಳ ಪ್ರಕಟಣೆ ತಡೆ ಕಾಯ್ದೆ ಬಂತು. ಸಂಸತ್ತಿನ ಕಲಾಪವನ್ನು ನಿರ್ಭಯವಾಗಿ ವರದಿ ಮಾಡಲು ಅವಕಾಶ ಕೊಟ್ಟಿದ್ದ 1956ರ ಕಾಯ್ದೆಯನ್ನು ತೆಗೆದುಹಾಕಲಾಯಿತು. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಬಂಧನಕ್ಕೊಳಗಾಗಿ ಅಲ್ಲಿನ ಕೇಂದ್ರ ಕಾರಾಗೃಹದಲ್ಲಿದ್ದ ಎಲ್.ಕೆ. ಅಡ್ವಾಣಿ 1977ರಲ್ಲಿ ವಾರ್ತಾ ಸಚಿವರಾದರು. ಅವರಿದ್ದ ಸರ್ಕಾರವೇ ಈ ಕಾನೂನುಗಳನ್ನು ಹಿಂತೆಗೆದುಕೊಂಡಿತು. ಕಲಾಪ ವರದಿಯ ರಕ್ಷಣೆ 44ನೇ ತಿದ್ದುಪಡಿಯಿಂದ 361ಎ ವಿಧಿಯಾಗಿ ಸಂವಿಧಾನದೊಳಕ್ಕೇ ಬಂತು. 1978ರ ಕಾಯ್ದೆಯಡಿ ಮರುಸ್ಥಾಪನೆಯಾದ ಪ್ರೆಸ್ ಕೌನ್ಸಿಲ್ ಎಚ್ಚರಿಸಬಹುದು, ಖಂಡಿಸಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ.

ಪತ್ರಿಕೆಗಳ ನೋಂದಣಿ ಈಗ 2023ರ ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆಯಡಿ ನಡೆಯುತ್ತದೆ. 1867ರ ಕಾಯ್ದೆಯ ಜಾಗಕ್ಕೆ ಬಂದ ಇದು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ.

ಸ್ವತಂತ್ರ ಮಾಧ್ಯಮದ ಬಗೆಗಳು

ಕನ್ನಡದಲ್ಲಿ ಸ್ವಾತಂತ್ರ್ಯವನ್ನು ಕಾಯ್ದುಕೊಳ್ಳಲು ಪತ್ರಿಕೆಗಳು ಬೇರೆ ಬೇರೆ ಆರ್ಥಿಕ ದಾರಿಗಳನ್ನು ಹಿಡಿದಿವೆ. ಟ್ರಸ್ಟ್ ಒಡೆತನ ಹಳೆಯ ದಾರಿ. 1921ರಲ್ಲಿ ರಂಗನಾಥ ದಿವಾಕರರು ಧಾರವಾಡದಲ್ಲಿ ಆರಂಭಿಸಿದ 'ಕರ್ಮವೀರ' ಮತ್ತು ಸ್ವಾತಂತ್ರ್ಯ ಚಳವಳಿಯ ಮುಖವಾಣಿಯಾಗಿ ಬೆಳೆದ 'ಸಂಯುಕ್ತ ಕರ್ನಾಟಕ' ಲೋಕಶಿಕ್ಷಣ ಟ್ರಸ್ಟಿನ ಆಶ್ರಯಕ್ಕೆ ಬಂದವು.

ಓದುಗರ ಹಣದಿಂದಲೇ ಪತ್ರಿಕೆ ಕಟ್ಟುವ ದೊಡ್ಡ ಪ್ರಯೋಗ 'ಮುಂಗಾರು'. 'ಪ್ರಜಾವಾಣಿ'ಯಿಂದ ಹೊರಬಂದ ವಡ್ಡರ್ಸೆ ರಘುರಾಮ ಶೆಟ್ಟಿ ಜನರಿಂದ ಷೇರು ಸಂಗ್ರಹಿಸಿ 1984ರಲ್ಲಿ ಮಂಗಳೂರಿನಿಂದ ಈ ದಿನಪತ್ರಿಕೆಯನ್ನು ಹೊರತಂದರು. ಹಿಂದುಳಿದವರ, ದಲಿತರ ಪ್ರಶ್ನೆಗಳನ್ನು ಮುಖಪುಟಕ್ಕೆ ತಂದ ಪತ್ರಿಕೆ ಹಣಕಾಸಿನ ಮುಗ್ಗಟ್ಟಿನಲ್ಲಿ ನಿಂತಿತು. ಅದರಲ್ಲಿ ಕೆಲಸ ಕಲಿತ ಹಲವರು ಮುಂದೆ ಕನ್ನಡದ ಪ್ರಮುಖ ಪತ್ರಕರ್ತರಾದರು.

ಜಾಹೀರಾತನ್ನೇ ದೂರವಿಟ್ಟದ್ದು 'ಲಂಕೇಶ್ ಪತ್ರಿಕೆ'. ಪಿ. ಲಂಕೇಶ್ 1980ರ ಜುಲೈಯಲ್ಲಿ ಆರಂಭಿಸಿದ ಈ ವಾರಪತ್ರಿಕೆ ಮಾರಾಟದ ಹಣದಿಂದಷ್ಟೇ ನಡೆಯಿತು. ಜಾಹೀರಾತುದಾರರ ಮುಲಾಜಿಲ್ಲದ ಪತ್ರಿಕೆ ಸರ್ಕಾರಗಳಿಗೆ ಎಷ್ಟು ತಲೆನೋವಾಗಬಲ್ಲದು ಎಂಬುದನ್ನು ಅದು ಎರಡು ದಶಕ ತೋರಿಸಿತು. ಅದರ ಅನುಕರಣೆಯಾಗಿ ಹುಟ್ಟಿದ ಟ್ಯಾಬ್ಲಾಯ್ಡುಗಳೆಲ್ಲ ಅದೇ ಕಟ್ಟುನಿಟ್ಟನ್ನು ಉಳಿಸಿಕೊಂಡವು ಎನ್ನಲಾಗದು.

ಜಿಲ್ಲಾ ಮತ್ತು ಪ್ರಾದೇಶಿಕ ಪತ್ರಿಕೆಗಳದ್ದು ಇನ್ನೊಂದು ಬಗೆ: ಮಡಿಕೇರಿಯ 'ಶಕ್ತಿ', ರಾಜಶೇಖರ ಕೋಟಿಯವರ ಮೈಸೂರಿನ 'ಆಂದೋಲನ', ದಾವಣಗೆರೆಯ 'ಜನತಾವಾಣಿ'. ಸಮುದಾಯದ ಬೆಂಬಲದಿಂದ 2003ರಲ್ಲಿ ಮಂಗಳೂರಿನಲ್ಲಿ 'ವಾರ್ತಾಭಾರತಿ' ಆರಂಭವಾಯಿತು. ಈಚಿನ ದಶಕದಲ್ಲಿ 'ಈದಿನ', 'ನಾನು ಗೌರಿ', 'ದಿ ಫೈಲ್' ಮುಂತಾದ ಜಾಲತಾಣಗಳು ಸೇರಿಕೊಂಡಿವೆ. ಸರ್ಕಾರಿ ಕಡತಗಳನ್ನೇ ಮುಂದಿಟ್ಟು ಬರೆಯುವುದು 'ದಿ ಫೈಲ್'ನ ವಿಶೇಷ.

ರೇಡಿಯೊದಲ್ಲಿ ಸ್ವತಂತ್ರ ಸುದ್ದಿಗೆ ಜಾಗವೇ ಇಲ್ಲ. ಖಾಸಗಿ ಎಫ್‌ಎಂ ಮತ್ತು ಸಮುದಾಯ ಬಾನುಲಿ ಕೇಂದ್ರಗಳು ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದೇ ಹೊರತು ತಮ್ಮದೇ ಸುದ್ದಿ ಬಿತ್ತರಿಸುವಂತಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಈ ಶತಮಾನದ ಆರಂಭದಲ್ಲಿ ಕೇಬಲ್ ತಂತಿಯ ಮೂಲಕ ಗ್ರಾಮೀಣ ಕಾರ್ಯಕ್ರಮಗಳನ್ನು ಮನೆಮನೆಗೆ ಮುಟ್ಟಿಸಿದ ಆರಂಭಿಕ ಪ್ರಯತ್ನ. ಆಗ ಸಮುದಾಯ ಬಾನುಲಿಗೆ ತರಂಗಾಂತರದ ಪರವಾನಗಿಯೇ ಸಿಗುತ್ತಿರಲಿಲ್ಲ.

ಹೋಬಳಿ ಮಟ್ಟದ ವರದಿಗಾರಿಕೆ

ರಾಜ್ಯಮಟ್ಟದ ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳು ನಿಂತಿರುವುದು ಅರೆಕಾಲಿಕ ವರದಿಗಾರರ ಮೇಲೆ. ತಂಬ್ರಹಳ್ಳಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ತುಂಗಭದ್ರಾ ಹಿನ್ನೀರಿಗೆ ಹತ್ತಿರದ ಈ ಭಾಗದಿಂದ ಹೊರಡುವ ಸುದ್ದಿಯ ಮುಖ್ಯ ವಸ್ತು ಕುಡಿಯುವ ನೀರು, ಏತ ನೀರಾವರಿ, ಮೆಕ್ಕೆಜೋಳದ ಬೆಲೆ, ಪಡಿತರ, ಪಂಚಾಯಿತಿ ಸಭೆ, ಬಸ್ಸಿಲ್ಲದ ಶಾಲಾ ಮಕ್ಕಳು. ಸುದ್ದಿಯ ತಲೆಯಲ್ಲಿ ಊರಿನ ಹೆಸರು, ಪಕ್ಕದಲ್ಲಿ ಆವರಣದೊಳಗೆ ತಾಲ್ಲೂಕಿನ ಹೆಸರು ಹಾಕುವುದು ಕನ್ನಡ ದಿನಪತ್ರಿಕೆಗಳ ರೂಢಿ. ಒಂದು ಕಾಲಕ್ಕೆ ಕೈಬರಹದ ವರದಿಯನ್ನೂ ಫೋಟೊವನ್ನೂ ಕವರಿನಲ್ಲಿಟ್ಟು ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದರು. ಸುದ್ದಿ ಅಚ್ಚಾಗುವಾಗ ಎರಡು ಮೂರು ದಿನ ಹಳತಾಗಿರುತ್ತಿತ್ತು. ಈಗ ಮೊಬೈಲಿನಲ್ಲೇ ಬರೆದು ವಾಟ್ಸ್ಆ್ಯಪ್ ಅಥವಾ ಇಮೇಲ್ ಮೂಲಕ ಜಿಲ್ಲಾ ಕಚೇರಿಗೆ ಕಳಿಸುತ್ತಾರೆ.

ಇಂಥ ವರದಿಗಾರನಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಸಣ್ಣ ಗೌರವಧನ, ಜಾಹೀರಾತು ತಂದರೆ ಕಮಿಷನ್. ಅನೇಕರು ಜೊತೆಯಲ್ಲೇ ಕೃಷಿ, ಅಂಗಡಿ ಅಥವಾ ಪತ್ರಿಕೆಯ ಏಜೆನ್ಸಿ ನಡೆಸುತ್ತಾರೆ. ರಾಜ್ಯೋತ್ಸವ, ಜಾತ್ರೆ, ನಾಯಕರ ಹುಟ್ಟುಹಬ್ಬದ ಪುರವಣಿಗೆ ಜಾಹೀರಾತು ಕೇಳಬೇಕಾದದ್ದು ಗುತ್ತಿಗೆದಾರ, ಸಹಕಾರ ಸಂಘದ ಅಧ್ಯಕ್ಷ, ಪಂಚಾಯಿತಿ ಸದಸ್ಯರನ್ನು. ಕಳಪೆ ಕಾಮಗಾರಿಯ ಸುದ್ದಿ ಬರೆಯಬೇಕಾದದ್ದೂ ಅವರ ಮೇಲೆಯೇ. ಕರ್ನಾಟಕದ ಪತ್ರಿಕಾ ಸ್ವಾತಂತ್ರ್ಯದ ಅತ್ಯಂತ ದುರ್ಬಲ ಕೊಂಡಿ ಇದು. ನ್ಯಾಯಾಲಯದ ಯಾವ ತೀರ್ಪೂ ಇಲ್ಲಿಗೆ ಮುಟ್ಟಿಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಿಕೋದ್ಯಮವನ್ನೇ ಮುಖ್ಯ ಕಸುಬಾಗಿಸಿಕೊಂಡವರನ್ನು ಉದ್ದೇಶಿಸಿದ್ದರಿಂದ, ಬೇರೆ ಕಸುಬಿನ ಮೇಲೆ ಬದುಕುವ ಹೋಬಳಿ ವರದಿಗಾರ ಅದರ ವೇತನ ಮಂಡಳಿಗಳ ಹೊರಗೇ ಉಳಿದ.

ಈ ಮಟ್ಟದಲ್ಲಿ ವರದಿಗಾರನ ಕೈಗೆ ಸಿಕ್ಕ ದೊಡ್ಡ ಸಾಧನ ಮಾಹಿತಿ ಹಕ್ಕು. ಕರ್ನಾಟಕ 2000ದಲ್ಲೇ ತನ್ನದೇ ಕಾಯ್ದೆ ಮಾಡಿತ್ತು. 2005ರ ಕೇಂದ್ರ ಕಾಯ್ದೆ ಅದರ ಜಾಗ ತೆಗೆದುಕೊಂಡಿತು. ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲುಗಳ ಪ್ರತಿಯನ್ನು ಹತ್ತು ರೂಪಾಯಿ ಶುಲ್ಕದ ಅರ್ಜಿಯಿಂದ ಕೇಳಬಹುದು.

ಒತ್ತಡದ ರೂಪಗಳು

ಸೆನ್ಸಾರ್ ಇಲ್ಲದ ಕಾಲದಲ್ಲಿ ಒತ್ತಡ ಬೇರೆ ದಾರಿಗಳಿಂದ ಬರುತ್ತದೆ. ಮೊದಲನೆಯದು ಕ್ರಿಮಿನಲ್ ಮಾನಹಾನಿ. 2016ರಲ್ಲಿ ಸುಪ್ರೀಂ ಕೋರ್ಟ್ ಈ ಅಪರಾಧದ ಸಾಂವಿಧಾನಿಕತೆಯನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ 2008ರ ಲೇಖನವೊಂದಕ್ಕೆ ಸಂಬಂಧಿಸಿ ಪತ್ರಕರ್ತೆ ಗೌರಿ ಲಂಕೇಶ್ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತು. ಅವರು ಜಾಮೀನಿನ ಮೇಲೆ ಹೊರಬಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿನಗರದ ಮನೆಯ ಮುಂದೆ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಎರಡನೆಯದು ಶಾಸನಸಭೆಯ ಹಕ್ಕುಚ್ಯುತಿ. 2017ರ ಜೂನ್‌ನಲ್ಲಿ ವಿಧಾನಸಭೆ 'ಹಾಯ್ ಬೆಂಗಳೂರ್' ಸಂಪಾದಕ, ಬಳ್ಳಾರಿ ಮೂಲದ ರವಿ ಬೆಳಗೆರೆ ಮತ್ತು 'ಯಲಹಂಕ ವಾಯ್ಸ್' ಸಂಪಾದಕ ಅನಿಲ್ ರಾಜ್ ಅವರಿಗೆ ಒಂದು ವರ್ಷ ಜೈಲು ಮತ್ತು ಹತ್ತು ಸಾವಿರ ರೂಪಾಯಿ ದಂಡ ವಿಧಿಸುವ ನಿರ್ಣಯ ಮಾಡಿತು. ದೂರು ಕೊಟ್ಟವರೂ ಶಾಸಕರು, ತೀರ್ಪು ಕೊಟ್ಟವರೂ ಶಾಸಕರು ಎಂಬುದೇ ಆ ಪ್ರಕರಣದ ಮುಖ್ಯ ಆಕ್ಷೇಪ. 2019ರ ಅಕ್ಟೋಬರಿನಲ್ಲಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಗೆ ಸದನದೊಳಗೆ ಪ್ರವೇಶ ನಿಷೇಧವಾಯಿತು.

ಮೂರನೆಯದು ಏಕಪಕ್ಷೀಯ ತಡೆಯಾಜ್ಞೆ. ಪ್ರತಿವಾದಿಯ ಮಾತು ಕೇಳುವ ಮುನ್ನವೇ ಬೆಂಗಳೂರಿನ ಸಿವಿಲ್ ನ್ಯಾಯಾಲಯಗಳಿಂದ ಹತ್ತಾರು ಮಾಧ್ಯಮಗಳ ಮೇಲೆ ಒಟ್ಟಿಗೆ ಆದೇಶ ಪಡೆಯುವುದು ರೂಢಿಯಾಗಿದೆ. 2021ರ ಮಾರ್ಚ್‌ನಲ್ಲಿ ಆರು ಸಚಿವರು 68 ಮಾಧ್ಯಮಗಳ ವಿರುದ್ಧ ಇಂಥ ಆದೇಶ ಪಡೆದರು. 2025ರ ಜುಲೈಯಲ್ಲಿ ಧರ್ಮಸ್ಥಳದಲ್ಲಿ ಶವಗಳನ್ನು ಗುಟ್ಟಾಗಿ ಹೂಳಲಾಗಿತ್ತೆಂಬ ಆರೋಪದ ಪ್ರಕರಣಕ್ಕೆ ಸಂಬಂಧಿಸಿ 8,842 ಕೊಂಡಿಗಳನ್ನು ತೆಗೆಯಬೇಕೆಂಬ ಆದೇಶ ಹೊರಬಿತ್ತು. 'ಕುಡ್ಲ ರಾಂಪೇಜ್' ಯೂಟ್ಯೂಬ್ ವಾಹಿನಿಯ ಅರ್ಜಿಯ ಮೇಲೆ ಹೈಕೋರ್ಟ್ ಆಗಸ್ಟ್ 1ರಂದು ಅದನ್ನು ರದ್ದುಪಡಿಸಿತು.

ಬಂಧನದ ಪ್ರಕರಣಗಳೂ ಇವೆ. 2012ರ ಜುಲೈಯಲ್ಲಿ ಮಂಗಳೂರಿನ ಹೋಮ್‌ಸ್ಟೇ ಮೇಲಿನ ದಾಳಿಯನ್ನು ಚಿತ್ರೀಕರಿಸಿದ ಟಿ.ವಿ. ವರದಿಗಾರ ನವೀನ್ ಸೂರಿಂಜೆ ಅವರನ್ನು ದಾಳಿಕೋರರ ಜೊತೆಗೇ ಆರೋಪಿಯನ್ನಾಗಿಸಿ, ನವೆಂಬರಿನಲ್ಲಿ ಬಂಧಿಸಲಾಯಿತು. 2013ರ ಮಾರ್ಚ್‌ನಲ್ಲಿ ಅವರ ಬಿಡುಗಡೆಯಾಯಿತು.

ಕಣ್ಣಿಗೆ ಕಾಣದ ಒತ್ತಡ ಒಡೆತನದ್ದು. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಕುಟುಂಬದ 'ಕಸ್ತೂರಿ' ವಾಹಿನಿ ಬಂತು. ಬಳ್ಳಾರಿಯ ಗಣಿ ರಾಜಕಾರಣದ ಉಬ್ಬರದ ಹೊತ್ತಿನಲ್ಲಿ 'ಜನಶ್ರೀ' ಸುದ್ದಿವಾಹಿನಿ ಬಂತು. ಚುನಾವಣೆಯ ಹೊತ್ತಿನ ಕಾಸಿಗಾಗಿ ಸುದ್ದಿಯ ಬಗ್ಗೆ ಪ್ರೆಸ್ ಕೌನ್ಸಿಲ್‌ನ ಉಪಸಮಿತಿಯೊಂದು 2010ರಲ್ಲಿ ವಿವರವಾದ ವರದಿ ಸಿದ್ಧಪಡಿಸಿತು.

ಪ್ರೋತ್ಸಾಹಕ ಸಂಸ್ಥೆಗಳು ಮತ್ತು ಆಫ್ರಿಕಾದ ಮಾದರಿ

ರಾಜ್ಯದ ಹಳೆಯ ವೃತ್ತಿಸಂಘಟನೆ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ; ಡಿ.ವಿ. ಗುಂಡಪ್ಪನವರು ಅದರ ಸ್ಥಾಪಕರು. ತಾಲ್ಲೂಕು ಮಟ್ಟದವರೆಗೂ ಅದಕ್ಕೆ ಘಟಕಗಳಿವೆ. ತರಬೇತಿ, ಪ್ರಶಸ್ತಿ ಮತ್ತು ಪ್ರಕಟಣೆಗೆ ಕರ್ನಾಟಕ ಮಾಧ್ಯಮ ಅಕಾಡೆಮಿ ಇದೆ. ಮಾನ್ಯತಾ ಪತ್ರ ಹಾಗೂ ಸರ್ಕಾರಿ ಜಾಹೀರಾತು ಹಂಚಿಕೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಕೈಯಲ್ಲಿದೆ. ಸರ್ಕಾರದಿಂದ ಹೊರಗೆ ನಿಂತು ಪತ್ರಕರ್ತನ ಪರವಾಗಿ ಮೊಕದ್ದಮೆ ನಡೆಸುವ ಶಾಶ್ವತ ಸಂಸ್ಥೆ ಮಾತ್ರ ರಾಜ್ಯದಲ್ಲಿ ಬೆಳೆದಿಲ್ಲ.

ಈ ಕೊರತೆಯನ್ನು ಅಳೆಯಲು ಆಫ್ರಿಕಾ ಖಂಡದ ದಕ್ಷಿಣ ಭಾಗ ಒಳ್ಳೆಯ ಹೋಲಿಕೆ. 1977ರ ಅಕ್ಟೋಬರ್ 19ರಂದು ದಕ್ಷಿಣ ಆಫ್ರಿಕಾ ದೇಶದ ವರ್ಣಭೇದ ಸರ್ಕಾರ 'ದಿ ವರ್ಲ್ಡ್' ಪತ್ರಿಕೆಯನ್ನು ಮುಚ್ಚಿ ಸಂಪಾದಕ ಪರ್ಸಿ ಕೊಬೋಜಾರನ್ನು ಬಂಧಿಸಿತ್ತು. ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ 1991ರ ಮೇ 3ರಂದು ಆಫ್ರಿಕಾದ ಪತ್ರಕರ್ತರು ಹೊರಡಿಸಿದ ಘೋಷಣೆ ಸ್ವತಂತ್ರ, ಬಹುಮುಖಿ ಮಾಧ್ಯಮವನ್ನು ಪ್ರಜಾಪ್ರಭುತ್ವದ ಅಗತ್ಯವೆಂದು ಸಾರಿತು. ಮರುವರ್ಷ ದಕ್ಷಿಣ ಆಫ್ರಿಕಾ ಪ್ರದೇಶದ ಮಾಧ್ಯಮ ಸಂಸ್ಥೆ ಹುಟ್ಟಿತು. ಹಲವು ದೇಶಗಳಲ್ಲಿ ಶಾಖೆಗಳಿರುವ ಈ ಸಂಸ್ಥೆ ಪತ್ರಕರ್ತರ ಮೇಲಿನ ದಾಳಿಗಳನ್ನು ದಾಖಲಿಸಿ ಎಚ್ಚರಿಕೆ ಹೊರಡಿಸುತ್ತದೆ, ಕಾನೂನು ನೆರವು ಕೊಡುತ್ತದೆ. ಮೇ 3 ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನವಾಗಿದೆ. ದಕ್ಷಿಣ ಆಫ್ರಿಕಾ ದೇಶ 2002ರ ಕಾಯ್ದೆಯ ಮೂಲಕ ಸಣ್ಣ ಮತ್ತು ಸಮುದಾಯ ಮಾಧ್ಯಮಗಳಿಗೆ ಹಣ ಒದಗಿಸುವ ಪ್ರತ್ಯೇಕ ಸಂಸ್ಥೆಯನ್ನೂ ಕಟ್ಟಿತು. ಎಲ್ಲೆಡೆ ಹೀಗಾಗಲಿಲ್ಲ: ಮೊಜಾಂಬಿಕ್‌ನಲ್ಲಿ ಬ್ಯಾಂಕ್ ಹಗರಣವನ್ನು ಬಯಲಿಗೆಳೆಯುತ್ತಿದ್ದ ಕಾರ್ಲೋಸ್ ಕಾರ್ದೋಸೊ 2000ದಲ್ಲಿ ಕೊಲೆಯಾದರು, ಜಿಂಬಾಬ್ವೆಯಲ್ಲಿ 2002ರ ನೋಂದಣಿ ಕಾನೂನಿನಡಿ 'ಡೈಲಿ ನ್ಯೂಸ್' ಮರುವರ್ಷ ಮುಚ್ಚಿತು.

ಸದ್ಯದ ಸ್ಥಿತಿ

ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಯ 2025ರ ಸೂಚ್ಯಂಕದಲ್ಲಿ ಭಾರತ 180 ದೇಶಗಳ ಪೈಕಿ 151ನೇ ಸ್ಥಾನದಲ್ಲಿತ್ತು. ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಅವರ ಅರ್ಜಿಯ ಮೇಲೆ 2022ರ ಮೇ 11ರಂದು ಸುಪ್ರೀಂ ಕೋರ್ಟ್ ರಾಜದ್ರೋಹದ ಕಲಮನ್ನು ಅಮಾನತಿನಲ್ಲಿಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಮು ದೇಶದ ಸಾರ್ವಭೌಮತೆಯ ಹೆಸರಿನಲ್ಲಿ ಅದೇ ಬಗೆಯ ಅಧಿಕಾರವನ್ನು ಉಳಿಸಿಕೊಂಡಿದೆ ಎಂಬ ಟೀಕೆಯಿದೆ. ಅಂತರ್ಜಾಲದ ಬರಹಗಳನ್ನು ತೆಗೆಸಲು ಕೇಂದ್ರ ಬಳಸುವ 'ಸಹಯೋಗ್' ವ್ಯವಸ್ಥೆಯನ್ನು ಪ್ರಶ್ನಿಸಿದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು.

ರಾಜ್ಯ ಸರ್ಕಾರ 2024ರಲ್ಲಿ ಡಿಜಿಟಲ್ ಜಾಹೀರಾತು ಮಾರ್ಗಸೂಚಿ ಹೊರಡಿಸಿ, ಜಾಲತಾಣಗಳಿಗೂ ಸರ್ಕಾರಿ ಜಾಹೀರಾತು ಕೊಡುವ ವ್ಯವಸ್ಥೆ ಮಾಡಿತು. ಅಲ್ಲಿಯವರೆಗೆ ಮುದ್ರಣ ಪತ್ರಿಕೆಗಳನ್ನು ಹಿಡಿದಿದ್ದ ಅವಲಂಬನೆ ಈಗ ಜಾಲತಾಣಗಳಿಗೂ ವಿಸ್ತರಿಸುವ ದಾರಿ ತೆರೆದಿದೆ. ಮರುವರ್ಷ ಹೊರಬಿದ್ದ ಸುಳ್ಳುಸುದ್ದಿ ನಿಷೇಧ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗಿನ ಶಿಕ್ಷೆಯ ಪ್ರಸ್ತಾಪವಿತ್ತು. ಸುಳ್ಳುಸುದ್ದಿ ಯಾವುದು ಎಂದು ತೀರ್ಮಾನಿಸುವ ಅಧಿಕಾರ ಸರ್ಕಾರ ರಚಿಸುವ ಪ್ರಾಧಿಕಾರಕ್ಕೆ ಹೋಗುತ್ತದೆ ಎಂಬುದು ಅದರ ಮೇಲಿನ ಪ್ರಧಾನ ಆಕ್ಷೇಪವಾಗಿತ್ತು.